ಸ್ತನ್ಯವಿಚಾರದಲ್ಲಿ ಸುಶ್ರುತಚರಕರ ಮತಭೇದ

ಪ್ರಸವವಾದ ಮೂರು ಅಥವಾ ನಾಲ್ಕು ರಾತ್ರಿಗಳ ಮೇಲೆ ಹೃದಯಸ್ಥ ಧಮನಿಗಳು ತೆರೆದು ಸ್ತನ್ಯವು ಪ್ರವರ್ತಿಸುವುದೆಂದು ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಹೇಳಿದೆ. ಆದಕಾರಣ ಮೊದಲ ದಿನಗಳಲ್ಲಿ ಶಿಶುವಿಗೆ ಜೇನು, ತುಪ್ಪ, ಔಷಧಸಿದ್ಧವಾದ ಘೃತ ಇವೇ ಅಲ್ಲಿ ವಿಹಿತವಾಗಿವೆ. ಚರಕಸಂಹಿತೆಯಾದರೋ ಜಾತಕರ್ಮದಲ್ಲಿ ಮಧುಘೃತಗಳನ್ನು ಕೊಟ್ಟ ಬಳಿಕ ಬಲಸ್ತನವನ್ನು ಮೊದಲು ಉಣಿಸಬೇಕೆಂದು ವಿಧಿಸುತ್ತದೆ. ಈ ಭೇದವನ್ನು ಅಲ್ಪವೆಂದೆಣಿಸಿ ದಾಟಿಹೋಗುವುದು ತರವಲ್ಲ. ಇದರಲ್ಲಿ ಶಿಶುವಿನ ಪ್ರಾಣಪ್ರಶ್ನೆಯೇ ಅಡಗಿದೆ.

ಸುಶ್ರುತನ ಅವಲೋಕನವು ಸುಳ್ಳಲ್ಲ. ಹಾಲು ಹೇರಳವಾಗಿ ಇಳಿಯುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ. ದೋಷವಿರುವುದು ಅನುಮಾನದಲ್ಲಿ: ಅಲ್ಪವಾದುದನ್ನು ಇಲ್ಲವೆಂದೇ ಎಣಿಸಿದುದರಲ್ಲಿ. ಆ ಅಲ್ಪವಾದ ಗಿಣ್ಣುಹಾಲಿನಲ್ಲಿಯೇ ಐಜಿಎ ಎಂಬ ಪ್ರತಿಕಾಯ, ಲ್ಯಾಕ್ಟೋಫೆರಿನ್, ಬಿಳಿಯ ರಕ್ತಕಣ ಇವುಗಳ ಸಾಂದ್ರತೆ ಅಧಿಕ. ದಿನಕಳೆದಂತೆ ಅದು ಇಳಿಯುವುದು.

37 ವಾರಗಳು ತುಂಬುವ ಮುನ್ನವೇ ಹುಟ್ಟಿದ ಶಿಶುವಿಗೆ ಈ ಹಾಲು ಇನ್ನೂ ಅವಶ್ಯಕ. ತಾಯಿಯ ಐಜಿಜಿ ಪ್ರತಿಕಾಯವು ಮಾಸಿನ ಮೂಲಕ ಗರ್ಭವನ್ನು ಸೇರುವುದು ಬಹುಮಟ್ಟಿಗೆ ಕಡೆಯ ಮೂರು ತಿಂಗಳಲ್ಲಿ. ಅಕಾಲಜಾತನು ಆ ದಾಯಭಾಗವನ್ನು ಪೂರ್ತಿಯಾಗಿ ಪಡೆಯದೆಯೇ ಬರುವನು. ಅವನ ತಾಯಿಯ ಹಾಲಿನಲ್ಲಿ ಮೊದಮೊದಲು ಪ್ರೋಟೀನು ಹೆಚ್ಚು. ರಕ್ಷಕದ್ರವ್ಯಗಳೂ ಹೆಚ್ಚೆಂದು ಹಲವು ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಅತ್ಯಂತ ಮುಂಚಿತವಾಗಿ ಹೆತ್ತವರ ಗಿಣ್ಣುಹಾಲಿನಲ್ಲಿ ಅವು ಕಡಮೆಯೆಂದು ಕಂಡದ್ದೂ ಉಂಟು. ಆದುದರಿಂದ ಪ್ರಕೃತಿಯು ಎಲ್ಲ ಕೊರತೆಯನ್ನೂ ತಾನೇ ತುಂಬುವುದೆಂದು ಸಾರುವುದು ಸಾಧುವಲ್ಲ. ಆದರೂ ಆ ಹಾಲಿಗೆ ಸಮನಾದುದು ಬೇರಿಲ್ಲ. ಕೃತಕ ಆಹಾರವನ್ನೇ ಉಂಡ ಅಕಾಲಶಿಶುಗಳಲ್ಲಿ ಕರುಳು ಕೊಳೆಯುವ ರೋಗವು ಹೆಚ್ಚೆಂದು 1990ರಲ್ಲಿ ಇಂಗ್ಲೆಂಡಿನ ಲ್ಯೂಕಸ್ ಮತ್ತು ಕೋಲ್ ಎಂಬ ವಿದ್ವಾಂಸರು ತೋರಿಸಿದರು. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಸ್ಥಾಪಿತವಾದಂಥ ಹಾಲಿನ ಭಂಡಾರಗಳು ಉಪಕಾರಕವೇ. ಆದರೆ ದಾನದ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಕಾಯಿಸುವಾಗ ಜೀವಕಣಗಳು ನಾಶವಾಗಿ ಐಜಿಎ, ಲ್ಯಾಕ್ಟೋಫೆರಿನ್‌ಗಳೂ ಕುಗ್ಗುವುವು.

ಎಂಟನೆಯ ತಿಂಗಳಲ್ಲಿ ಓಜಸ್ಸು ತಾಯಿಗೂ ಗರ್ಭಕ್ಕೂ ನಡುವೆ ಪದೇ ಪದೇ ಸಂಚರಿಸುವುದೆಂಬ ಚರಕವಾಕ್ಯದಲ್ಲಿ ಪ್ರತಿಕಾಯವಿಜ್ಞಾನವನ್ನು ಕಾಣುವುದು ಅತಿವ್ಯಾಖ್ಯಾನ. ಅಲ್ಲಿ ಹೇಳಿರುವುದು ಪರಸ್ಪರ ವಿನಿಮಯ. ಪ್ರತಿಕಾಯವಾದರೋ ತಾಯಿಯಿಂದ ಮಗುವಿಗೆ ಮಾತ್ರ ಹರಿಯುವುದು. ಎಂಟನೆಯ ತಿಂಗಳ ಪ್ರಸವವು ಅಪಾಯಕರವೆಂಬ ಅನುಭವವು ಗ್ರಂಥಕಾರನಿಗಿತ್ತು ಎಂಬಷ್ಟೇ ಅದರಿಂದ ಸಿದ್ಧಿಸುವುದು. ಅಷ್ಟೇ ಅವನಿಗೆ ಸಾಕಾದ ಗೌರವ.

ಫಲಿತಾರ್ಥವಿಷ್ಟು: ಮೊದಲ ಹಾಲಿನ ವಿಷಯದಲ್ಲಿ ಚರಕಪಕ್ಷವೇ ಗ್ರಾಹ್ಯ. ಉಭಯಸಮ್ಮತವಾದ ಜೇನು ಮಾತ್ರ ತ್ಯಾಜ್ಯ. ಬಾಟ್ಯುಲಿಸಮ್ ರೋಗದ ಬೀಜಾಣುಗಳು ಅದರಲ್ಲಿರಬಹುದಾದುದರಿಂದ ವರ್ಷ ತುಂಬದ ಶಿಶುವಿಗೆ ಅದು ಸಲ್ಲದು. ಶಾಸ್ತ್ರವನ್ನು ಗೌರವಿಸುವವರು ಅದರೊಳಗಿನ ಎರಡು ಮತಗಳಲ್ಲಿ ಶಿಶುವನ್ನು ಉಳಿಸುವುದನ್ನು ಆರಿಸಿಕೊಳ್ಳತಕ್ಕದ್ದು.