ರೋಗಭೀತಿಯೂ ಪಾಪಭೀತಿಯೂ

ರೋಗದ ಅಪಾಯ ಹೆಚ್ಚಿದಂತೆ ಜನರು ಸಂಯಮಿಗಳಾಗುತ್ತಾರೆ, ಅದರಿಂದ ಗರ್ಭಪಾತಗಳೂ ತಗ್ಗುತ್ತವೆ ಎಂಬ ವಾದವೊಂದುಂಟು. ಇದರ ಮತ್ತೊಂದು ಮಗ್ಗುಲನ್ನು ಅಮೆರಿಕದ ಕ್ಲಿಕ್ ಮತ್ತು ಸ್ಟ್ರಾಟ್‌ಮನ್ ಎಂಬ ವಿದ್ವಾಂಸರು 2003ರಲ್ಲಿ ಮಂಡಿಸಿದರು. ಗರ್ಭಪಾತಕ್ಕೆ ಕಾನೂನಿನ ಒಪ್ಪಿಗೆ ದೊರೆತಲ್ಲಿ ಗೊನೊರಿಯಾ, ಸಿಫಿಲಿಸ್ ರೋಗಗಳು ಹೆಚ್ಚಿದುವೆಂದು ಅವರು ಕಂಡರು. ಭಯ ಕಳೆದರೆ ಮನುಷ್ಯ ಸಡಿಲಗೊಳ್ಳುತ್ತಾನೆಂಬುದು ಇದರ ತಾತ್ಪರ್ಯ. ನಮ್ಮ ಸಭೆಗಳಲ್ಲಿಯೂ ಏಡ್ಸ್ ಬಂದುದರಿಂದ ಸಮಾಜ ಶುದ್ಧವಾಯಿತೆಂದು ಹೇಳುವವರನ್ನು ಕೇಳಿದ್ದೇನೆ.

ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ ಪ್ರಸವಪೂರ್ವ ತಪಾಸಣೆಗೆ ಬಂದ 15ರಿಂದ 24 ವರ್ಷದ ಸ್ತ್ರೀಯರಲ್ಲಿ ಎಚ್.ಐ.ವಿ. ಸೋಂಕು 2000ದಲ್ಲಿ ಶೇಕಡಾ 1.7 ಇದ್ದುದು 2004ರ ವೇಳೆಗೆ 1.1ಕ್ಕೆ ಇಳಿಯಿತು. ಇದನ್ನು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದವರು, ಪುರುಷರು ವೇಶ್ಯಾಗಮನವನ್ನು ಕಡಿಮೆ ಮಾಡಿದುದು ಅಥವಾ ಅಲ್ಲಿ ನಿರೋಧ್ ಬಳಸತೊಡಗಿದುದು ಕಾರಣವಿರಬೇಕೆಂದರು. ಗಮನಿಸಬೇಕಾದುದು ಇಷ್ಟು: ಭಯಪಟ್ಟವರು ಗಂಡಸರು, ಲೆಕ್ಕ ಸಿಕ್ಕಿದ್ದು ಗರ್ಭಿಣಿಯರ ರಕ್ತದಲ್ಲಿ.

ಅಲ್ಲಿಂದ ಗರ್ಭಪಾತಕ್ಕೆ ಹಾರುವುದು ಹೇಗೆ? ನಾನು ಮಡಂತ್ಯಾರಿನಲ್ಲಿ ಅಂಗಡಿಯ ಲೆಕ್ಕ ಬರೆದು ಬದುಕಿದವನು. ಒಂದು ಖಾತೆಯ ಜಮೆಯನ್ನು ಇನ್ನೊಂದಕ್ಕೆ ಹಾಕಿದರೆ ಪುಸ್ತಕ ಕೂಡುವುದಿಲ್ಲ. ಗರ್ಭಪಾತದ ಹಿಂಸೆಯ ವಿಚಾರ ಬೇರೆ. ಇಲ್ಲಿ ಕೇಳುತ್ತಿರುವುದು ಕಾರಣವನ್ನು. 1971ರ ನಮ್ಮ ಕಾನೂನು ಸಂತಾನ ನಿಯಂತ್ರಣ ವಿಫಲವಾದ ಸಂದರ್ಭವನ್ನು ಹೇಳುವಾಗ ವಿವಾಹಿತೆ ಮತ್ತು ಆಕೆಯ ಪತಿಯನ್ನಷ್ಟೇ ಹೆಸರಿಸಿತ್ತು. 2021ರ ತಿದ್ದುಪಡಿಯಲ್ಲಿಯೇ ಆ ಮಾತು ಬದಲಾದದ್ದು. ಸಂಸಾರವಂದಿಗರ ಬಯಸದ ಬಸಿರು ಆ ಕಾನೂನಿನ ಕಣ್ಣೆದುರಿಗಿತ್ತು. ಇನ್ನು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಆ ಚಿಕಿತ್ಸೆ ಬಸಿರನ್ನು ತಡೆಯುತ್ತದೆ, ಪತಿ ಹೊರಗಿನಿಂದ ತಂದ ರೋಗವನ್ನು ತಡೆಯದು. ನಿರೋಧ್ ಎರಡನ್ನೂ ತಡೆದೀತು. ಆದರೆ ಗಂಡಸು ಅದನ್ನು ಹೊರಗೆ ಬಳಸಿ ಮನೆಯಲ್ಲಿ ಬಳಸದಿದ್ದರೆ ಮನೆಯೊಳಗಿನ ಬಸಿರಿಗೂ ಅವನ ಭಯಕ್ಕೂ ಸಂಬಂಧವೇ ಇಲ್ಲ. ಹೀಗಿರಲು ಗರ್ಭಪಾತದ ಸಂಖ್ಯೆಯನ್ನು ಶೀಲದ ಅಳತೆಗೋಲೆನ್ನುವುದು ಎರಡು ಮಕ್ಕಳ ತಾಯಿಯೊಬ್ಬಳ ಮೇಲೆ ಹೊರಿಸುವ ಅಪವಾದ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸ್ವದಾರಸಂತೋಷ ವ್ರತವನ್ನು ಹೇಳುವಾಗ ಪಾಪಭೀತಿ ಎಂಬ ಪದವನ್ನೇ ಬಳಸಿದ್ದಾರೆ. ರೋಗಭೀತಿ ಔಷಧ ಸಿಗುವವರೆಗಿನದು. ಮತ್ತೊಂದು ಸಂಗತಿ: ಆ ಶ್ಲೋಕ ಪುರುಷನನ್ನು ಕುರಿತದ್ದು. ನಾನು ಕಂಡಂತೆ ನಮ್ಮ ಬಸದಿಗಳ ಉಪನ್ಯಾಸಗಳಲ್ಲಿ ಅದನ್ನು ವಿವರಿಸುವುದು ಹೆಚ್ಚಾಗಿ ಮಹಿಳಾ ಸಮಾಜದ ಕಾರ್ಯಕ್ರಮಗಳಲ್ಲಿ.