ಟನ್ನಿನ ಮೋಹ, ಪೆಟ್ಟಿಗೆಯ ಲೆಕ್ಕ

ಸುರತ್ಕಲ್‌ನಿಂದ ಕೂಳೂರು ಸೇತುವೆಯ ತನಕ ಹೆದ್ದಾರಿಯ ಎರಡೂ ಬದಿ ನೋಡುತ್ತ ಬಂದರೆ ಒಂದು ಬಗೆಯ ಸಾಹಿತ್ಯ ಪುಕ್ಕಟೆ ಓದಲು ಸಿಗುತ್ತದೆ. ಕಮರ್ಷಿಯಲ್ ಜಾಗ, ಗೋಡೌನಿಗೆ ಹೇಳಿ ಮಾಡಿಸಿದ ಜಾಗ, ಲಾಜಿಸ್ಟಿಕ್ಸ್‌ಗೆ ಸೂಕ್ತ ಜಾಗ; ದರ ಸೆಂಟ್ಸಿನ ಲೆಕ್ಕದಲ್ಲಿ; ಜತೆಗೆ ತಪ್ಪದೆ ಒಂದು ವಿಶೇಷಣ: ಬಂದರಿಗೆ ಹತ್ತಿರ. ಈ ಸಾಹಿತ್ಯಕ್ಕೆ ಓದುಗರಿದ್ದಾರೆ, ಕಂಠಪಾಠ ಮಾಡಿ ಒಪ್ಪಿಸುವ ಭಾಷಣಕಾರರಿದ್ದಾರೆ, ಸಾಲ ಮಾಡಿ ನಂಬುವ ಭಕ್ತರೂ ಇದ್ದಾರೆ. ಇಲ್ಲದವರು ವಿಮರ್ಶಕರು ಮಾತ್ರ.

ಮಂಗಳೂರಿನ ಪಣಂಬೂರು ಬಂದರಿನ ಹುಟ್ಟಿನ ಕಥೆಯನ್ನು ಇಲ್ಲಿ ಹೇಳುವುದಿಲ್ಲ. ಉಳ್ಳಾಲ ಶ್ರೀನಿವಾಸ ಮಲ್ಯರ ಹಟ, 1974ರ ಮಹಾಬಂದರು ಘೋಷಣೆ, ಒಕ್ಕಲೆದ್ದು ಕಾಟಿಪಳ್ಳ, ಕೃಷ್ಣಾಪುರ ಸೇರಿದ ಸಂಸಾರಗಳು, ಇವೆಲ್ಲ ಊರಿಗೆ ಗೊತ್ತಿರುವುದೇ. ನನ್ನ ತಕರಾರು ಒಂದು ಅಂಕಿಯ ಮೇಲೆ. 2023-24ರಲ್ಲಿ ಈ ಬಂದರಿನಲ್ಲಿ ಹಡಗಿಗೆ ಹತ್ತಿದ, ಹಡಗಿನಿಂದ ಇಳಿದ ಸರಕು ಸುಮಾರು ನಾಲ್ಕೂವರೆ ಕೋಟಿ ಟನ್. ವರ್ಷ ವರ್ಷ ಏಪ್ರಿಲ್‌ನಲ್ಲಿ ಈ ಅಂಕಿ ಪತ್ರಿಕೆಯ ಒಳಪುಟಕ್ಕೆ ಬರುತ್ತದೆ, ಮೇ ತಿಂಗಳ ಹೊತ್ತಿಗೆ ಬ್ರೋಕರ್ ಬಾಯಿಗೆ ಬರುತ್ತದೆ. ಬಂದರು ಬೆಳೆಯಿತು, ಆದ್ದರಿಂದ ಗೋಡೌನು ಬೇಕಾಗುತ್ತದೆ, ಆದ್ದರಿಂದ ಜಾಗಕ್ಕೆ ಬೆಲೆ ಬರುತ್ತದೆ. ಇಲ್ಲಿ ‘ಆದ್ದರಿಂದ’ ಎರಡು ಸಲ ಬಂದಿದೆ. ಮೊದಲನೆಯದನ್ನು ಯಾರೂ ಮುಟ್ಟಿ ನೋಡಿಲ್ಲ.

ಮುಟ್ಟಿ ನೋಡೋಣ. ಈ ಟನ್ನಿನಲ್ಲಿ ಏನಿದೆ? ಅತಿ ದೊಡ್ಡ ಪಾಲು ಕಚ್ಚಾತೈಲ, ಪೆಟ್ರೋಲಿಯಂ, ಎಲ್‌ಪಿಜಿ. ಆಮೇಲೆ ಕಲ್ಲಿದ್ದಲು, ಕಬ್ಬಿಣದ ಅದಿರಿನ ಉಂಡೆ. ಹಡಗಿನಿಂದ ಇಳಿದ ಕಚ್ಚಾತೈಲ ಕೊಳವೆ ಹಿಡಿದು ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಶುದ್ಧವಾದದ್ದರಲ್ಲಿ ಒಂದು ಪಾಲು 2003ರಲ್ಲಿ ಶುರುವಾದ ಕೊಳವೆಯಲ್ಲೇ ಹಾಸನ ದಾಟಿ ಬೆಂಗಳೂರು ಮುಟ್ಟುತ್ತದೆ. ಎಲ್‌ಪಿಜಿಗೂ ಆ ಕಡೆಗೆ ಬೇರೆ ಕೊಳವೆ ಇದೆ. ಇನ್ನೊಂದು ಪಾಲು ರಫ್ತಿಗೆಂದು ಪುನಃ ಅದೇ ಬಂದರಿಗೆ ಬಂದು ಹಡಗು ಹತ್ತುತ್ತದೆ. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ, ಒಂದೇ ಎಣ್ಣೆಗೆ ಎರಡು ಸಲ ಲೆಕ್ಕ. ಇದು ಮೋಸವಲ್ಲ, ಬಂದರುಗಳು ಲೆಕ್ಕ ಬರೆಯುವ ಕ್ರಮವೇ ಹಾಗೆ. ಆದರೆ ಆ ಎಣ್ಣೆಗೆ ಬೈಕಂಪಾಡಿಯಲ್ಲಿ ಶೆಡ್ಡು ಬೇಡ, ರ‍್ಯಾಕು ಬೇಡ, ವಾಚ್‌ಮನ್ ಬೇಡ. ರಸ್ತೆಯ ಮುಖವನ್ನೂ ನೋಡದೆ ಅದು ಊರು ದಾಟಿಬಿಡುತ್ತದೆ.

ಇದು ಹೊಸ ಸಂಗತಿಯೂ ಅಲ್ಲ. ಕುದುರೆಮುಖದ ಗಣಿ ನಡೆಯುತ್ತಿದ್ದಾಗ ಅದಿರನ್ನು ನೀರಿನಲ್ಲಿ ಕಲಸಿ 67 ಕಿ.ಮೀ. ಕೊಳವೆಯಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. 2005ರ ಕೊನೆಗೆ ಗಣಿ ನಿಂತಿತು, ಕೊಳವೆಯ ಗುಣ ಮಾತ್ರ ಬಂದರಿಗೆ ಉಳಿಯಿತು. ಈ ಸೀಮೆಯ ಅತಿ ದೊಡ್ಡ ಗೋದಾಮು ಯಾವುದು ಎಂದು ಕೇಳಿದರೆ ನಾನು ಪೆರ್ಮುದೆಯ ಕಡೆ ಕೈತೋರಿಸುತ್ತೇನೆ. ಬಂಡೆ ಕೊರೆದು ಮಾಡಿದ ಆ ಗುಹೆಗಳಲ್ಲಿ ದೇಶದ ಆಪತ್ಕಾಲಕ್ಕೆಂದು 15 ಲಕ್ಷ ಟನ್ ಕಚ್ಚಾತೈಲ ತುಂಬಿಡಬಹುದು. ನೆಲದ ಮೇಲಿನಿಂದ ನೋಡಿದರೆ ಬೇಲಿ, ಗೇಟು, ಅಷ್ಟೇ. ಪಕ್ಕದ ಗದ್ದೆಯವನಿಗೆ ಅದರಿಂದ ಒಂದು ಕಾಸಿನ ಬಾಡಿಗೆ ಹುಟ್ಟುವುದಿಲ್ಲ.

ಗೋಡೌನು ಬೇಡುವ ಸರಕು ಬೇರೆ. ಅದು ಪೆಟ್ಟಿಗೆಯಲ್ಲಿ ಬರುತ್ತದೆ, ಬಿಚ್ಚಬೇಕು, ವಿಂಗಡಿಸಬೇಕು, ನಾಲ್ಕು ದಿನ ಇಡಬೇಕು. ಆದ್ದರಿಂದ ಟನ್ ಬಿಟ್ಟು ಪೆಟ್ಟಿಗೆ ಎಣಿಸಬೇಕು. ಇಪ್ಪತ್ತಡಿ ಕಂಟೇನರಿನ ಲೆಕ್ಕದಲ್ಲಿ ಪಣಂಬೂರಿನದು ವರ್ಷಕ್ಕೆ ಎರಡು ಲಕ್ಷದ ಆಚೀಚೆ. ಮುಂಬೈ ಎದುರಿನ ನ್ಹಾವಾ ಶೇವಾ 2024-25ರಲ್ಲಿ ಎಪ್ಪತ್ತು ಲಕ್ಷ ದಾಟಿತು. ಟನ್ನಿನಲ್ಲಿ ಅದರ ಅರ್ಧದಷ್ಟಿರುವ ನಮ್ಮ ಬಂದರು ಪೆಟ್ಟಿಗೆಯಲ್ಲಿ ಅದರ ಮೂವತ್ತರಲ್ಲೊಂದು ಪಾಲಿಗಿಂತ ಸ್ವಲ್ಪ ಕಡಿಮೆಯೇ. ಇರುವ ಪೆಟ್ಟಿಗೆಗಳಲ್ಲಾದರೂ ಏನಿದೆ? ಕಾಫಿ, ಗೇರು, ಶೈತ್ಯೀಕರಿಸಿದ ಮೀನು. ಕಾಫಿಯನ್ನು ಹದ ಮಾಡಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳು ಹೆಚ್ಚಾಗಿ ಘಟ್ಟದ ಮೇಲೆ, ಚಿಕ್ಕಮಗಳೂರು, ಹಾಸನ, ಕುಶಾಲನಗರದಲ್ಲಿವೆ. ಗೇರುಬೀಜದ ಕಾರ್ಖಾನೆಗಳು ಜಿಲ್ಲೆಯ ಒಳಊರುಗಳಲ್ಲಿ ಹರಡಿಕೊಂಡಿವೆ. ಕೈಕೆಲಸ ಎಲ್ಲಿ ನಡೆಯುತ್ತದೋ ದಾಸ್ತಾನೂ ಅಲ್ಲೇ. ಬೆಂಗಳೂರಿನ ಸರಕಾದರೂ ಇಳಿದು ಬರಬಹುದಲ್ಲ ಎಂದರೆ, ಅದರ ದೊಡ್ಡ ಪಾಲು ಚೆನ್ನೈಗೆ ಹೋಗುತ್ತದೆ. ಆ ದಾರಿಯಲ್ಲಿ ಶಿರಾಡಿ ಘಾಟಿಯಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ರೈಲು ಇಳಿಯಲು 55 ಕಿ.ಮೀ.ನಲ್ಲಿ 57 ಸುರಂಗ ದಾಟಬೇಕು. ಏರುವಾಗ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ರಸ್ತೆಯೂ ಇಲ್ಲ, ಹಳಿಯೂ ಇಲ್ಲ. ಜಾಹೀರಾತಿನ ‘ಹತ್ತಿರ’ ಸಮುದ್ರದ ಕಡೆಯಿಂದ ಅಳೆದದ್ದು. ಸರಕಿನ ಯಜಮಾನ ಅಳೆಯುವುದು ಘಟ್ಟದ ಕಡೆಯಿಂದ.

ನ್ಯಾಯಕ್ಕಾಗಿ ಒಂದು ಮಾತು: ಕಂಟೇನರಿಗೆಂದೇ ಈಗ ಪ್ರತ್ಯೇಕ ಟರ್ಮಿನಲ್ ಇದೆ, ಪೆಟ್ಟಿಗೆಗಳ ಸಂಖ್ಯೆ ಏರಿದ್ದೂ ನಿಜ. ಹೇಳಿದ್ದಾಯಿತು.

ಈ ಜಾಹೀರಾತು ಸಾಹಿತ್ಯವನ್ನು ವಿರೋಧಿಸುವವರ ಮೇಲೆ ನನಗಿರುವ ಸಿಟ್ಟು ಬ್ರೋಕರ್‌ಗಳ ಮೇಲಿಲ್ಲ. ಬ್ರೋಕರ್‌ಗೆ ಹೊಟ್ಟೆಪಾಡು. ನಮ್ಮ ಪ್ರಗತಿಪರ ಲೇಖಕರಿಗೆ ಏನಾಗಿದೆ? ಅವರೂ ಅದೇ ನಾಲ್ಕೂವರೆ ಕೋಟಿಯನ್ನು ಎತ್ತಿಕೊಂಡು, ಬಂದರು ಊರನ್ನು ನುಂಗುತ್ತಿದೆ ಎಂದು ಬರೆಯುತ್ತಾರೆ. ಅಂಕಿ ಅದೇ, ತರ್ಕ ಅದೇ, ಕೊನೆಗೆ ಚಪ್ಪಾಳೆಯ ಜಾಗದಲ್ಲಿ ನಿಟ್ಟುಸಿರು. ಮಂಗಳೂರು ವಿಶೇಷ ಆರ್ಥಿಕ ವಲಯದ ಎರಡನೇ ಹಂತಕ್ಕೆಂದು ಗುರುತಿಸಿದ್ದ ಸುಮಾರು ಎರಡು ಸಾವಿರ ಎಕರೆಯನ್ನು 2011ರಲ್ಲಿ ಸರ್ಕಾರ ಕೈಬಿಟ್ಟಿತು. ಹೋರಾಟದ ಗೆಲುವೆಂದು ಅದನ್ನು ಸರಿಯಾಗಿಯೇ ಕೊಂಡಾಡಿದರು. ಬಂದರಿನಲ್ಲಿ ಟನ್ ಇಷ್ಟೊಂದು ಇರುವಾಗ ಆ ಭೂಮಿಗಾಗಿ ಉದ್ಯಮಗಳು ಯಾಕೆ ಮುಗಿಬಿದ್ದಿರಲಿಲ್ಲ ಎಂಬ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳಲಿಲ್ಲ. ಕೇಳಿದ್ದರೆ ವಾದಕ್ಕೆ ಇನ್ನೊಂದು ಕೈ ಬಲ ಬರುತ್ತಿತ್ತು.

ಇನ್ನು ಕೆಲವರು ಮುಂಬೈಯನ್ನು ಮುಂದಿಡುತ್ತಾರೆ: ಭಿವಂಡಿ ನೋಡಿ, ಗದ್ದೆಗಳೆಲ್ಲ ಗೋಡೌನಾಗಿ ರೈತರು ಬಾಡಿಗೆ ಎಣಿಸುತ್ತಿದ್ದಾರೆ. ನಮ್ಮ ಕರಾವಳಿಯ ಅರ್ಧ ಸಂಸಾರಗಳಿಗೆ ಮುಂಬೈಯಲ್ಲಿ ನೆಂಟರಿರುವುದರಿಂದ ಈ ಉದಾಹರಣೆ ಬೇಗ ನಾಟುತ್ತದೆ. ಭಿವಂಡಿಯನ್ನು ಬೆಳೆಸಿದ್ದು ಸಮುದ್ರಕ್ಕಿಂತ ಹೆಚ್ಚಾಗಿ ಆಕ್ಟ್ರಾಯ್. ಮುಂಬೈ ನಗರದ ಸುಂಕದ ಗಡಿಯ ಹೊರಗೆ ಸರಕಿಟ್ಟು, ಬೇಕಾದಷ್ಟನ್ನೇ ಒಳಗೆ ತಂದರೆ ವ್ಯಾಪಾರಿಗೆ ಲಾಭವಿತ್ತು. ಬೆನ್ನಿಗೆ ಎರಡು ಕೋಟಿ ಜನರ ಪೇಟೆಯಿತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ಆಕ್ಟ್ರಾಯ್ ಹೋದ ಮೇಲೂ ಪೇಟೆ ಉಳಿಯಿತು, ಗೋಡೌನೂ ಉಳಿಯಿತು. ಅದೇ ಜಿಎಸ್‌ಟಿ ರಾಜ್ಯಕ್ಕೊಂದು ಡಿಪೋ ಇಡುವ ಹಳೇ ಅಗತ್ಯವನ್ನು ತಪ್ಪಿಸಿ, ದೊಡ್ಡ ಪೇಟೆಯ ಮಗ್ಗುಲಲ್ಲಿ ದೊಡ್ಡ ಶೆಡ್ಡು ಎಂಬ ಕ್ರಮ ತಂದಿತು. ಕರ್ನಾಟಕದಲ್ಲಿ ಅದರ ಫಲ ಉಂಡದ್ದು ನೆಲಮಂಗಲ, ಹೊಸಕೋಟೆ. ಎರಡೂ ಊರಿಗೆ ಸಮುದ್ರವಿಲ್ಲ.

ಜೋಕಟ್ಟೆಯ ಕಡೆ ನನ್ನ ನೆಂಟರೊಬ್ಬರು ಬಾಕಿಮಾರು ಗದ್ದೆಗೆ ಮಣ್ಣು ಹೊಡೆಸಿ, ಬ್ಯಾಂಕ್ ಸಾಲದಲ್ಲಿ ತಗಡಿನ ಶೆಡ್ಡು ಹಾಕಿದರು. ಮೊನ್ನೆ ಹೋದಾಗ ಅದರೊಳಗೆ ಶಾಮಿಯಾನದ ಕಂಬ, ಪ್ಲಾಸ್ಟಿಕ್ ಕುರ್ಚಿ, ಎರಡು ದೊಡ್ಡ ಅನ್ನದ ಕಡಾಯಿ. “ಮದುವೆ ಸೀಸನ್ನಿಗೆ ಬಾಡಿಗೆ ಬರ್ತದೆ ಮಾರಾಯ್ರೆ, ಬಂದರಿನಿಂದ ಯಾರೂ ಬರ್ಲಿಲ್ಲ” ಎಂದರು.

ಹತ್ತಿರ ಎಂಬ ಮಾತು ಸಲ್ಲುವ ಬಂದರು ಮಂಗಳೂರಿನಲ್ಲಿ ಒಂದಿದೆ. ಯಾವ ಲಾಜಿಸ್ಟಿಕ್ಸ್ ಭಾಷಣದಲ್ಲೂ ಅದರ ಹೆಸರು ಬರುವುದಿಲ್ಲ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವಲ್ಲಿರುವ ಹಳೇ ಬಂದರ್. ಹೆಂಚಿನ ಮಾಡಿನ ಗೋದಾಮುಗಳು, ಮುಂದೆ ಲಾರಿ ತಿರುಗಲೂ ಜಾಗವಿಲ್ಲದ ಓಣಿ, ಓಣಿಯ ಕೊನೆಗೆ ದಕ್ಕೆ. ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಇಂದಿಗೂ ಇಲ್ಲಿಂದಲೇ ಮಂಜಿ ಹತ್ತುತ್ತವೆ. ಅದು ರಾಜ್ಯ ಸರ್ಕಾರದ ಕೈಕೆಳಗಿನ ಬಂದರು. ಪಣಂಬೂರಿನ ನಾಲ್ಕೂವರೆ ಕೋಟಿಯಲ್ಲಿ ಅದರ ಒಂದು ಮೂಟೆಯೂ ಸೇರಿಲ್ಲ.