ಅರಗು ಬಳಿದಂಥ ಅಣಬೆ
ಚೀನಾದ ಲಿಂಗ್‌ಝಿ ಎಂಬ ಅಣಬೆಯ ಬೆಳೆಗಾರರ ಸೂಕ್ಷ್ಮ ಕಣ್ಣಿಗೆ ಮಾರುಹೋಗಿದ್ದೇನೆ. ಹಬೆಯಲ್ಲಿ ಬೇಯಿಸಿದ ಮರದ ತುಂಡಿಗೆ ಬಿತ್ತನೆ ಹಾಕಿ, ತೇವದ ಮಣ್ಣಲ್ಲಿ ಹೂಳುತ್ತಾರೆ. ಗಾಳಿಯಾಟ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚಿತೋ, ಅಣಬೆ ಕೊಡೆ ಬಿಚ್ಚದೆ ಜಿಂಕೆಗೊಂಬಿನಂತೆ ಕವಲೊಡೆಯುತ್ತದೆ. ಅಂಚಿನ ಬಿಳಿ ಗೆರೆ ಇರುವತನಕ ಅದಿನ್ನೂ ಬೆಳೆಯುತ್ತಿದೆ ಎಂದರ್ಥ. ಬಿಳಿ ಮಾಸಿ, ಕೆಂಗಂದು ಮೆರುಗಿನ ಮೇಲೆ ಬೀಜಾಣುಗಳ ಕಂದು ಧೂಳು ಕೂತಾಗಲೇ ಕೊಯ್ಲು.

ಕಟ್ಟಿಗೆಯ ಗಟ್ಟಿತನ, ಪಲ್ಯಕ್ಕೆ ಬಾರದು. ಚಕ್ಕೆ ಮಾಡಿ ಕಷಾಯ ಕುದಿಸಬೇಕು. ಮುಖ ಕಿವುಚಿಸುವ ಆ ಕಹಿ ಟ್ರೈಟರ್ಪೀನ್ ಎಂಬ ಸಂಯುಕ್ತಗಳದು. ಇಲಿಗಳ ಯಕೃತ್ತನ್ನು ಈ ಅಣಬೆಯ ಸಾರ ವಿಷದಿಂದ ಕಾಪಾಡಿದ್ದು ಪ್ರಯೋಗಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ಪುರಾವೆ ತೆಳು; ಪುಡಿ ಸೇವಿಸಿ ಯಕೃತ್ತೇ ಕೆಟ್ಟ ವರದಿಗಳೂ ಉಂಟು, ವೈದ್ಯರನ್ನು ಕೇಳದೆ ನುಂಗುವಂಥದ್ದಲ್ಲ.

ಮಲೆನಾಡಿನ ಅಡಿಕೆ ಬೆಳೆಗಾರರ ಮುಂದೆ ಇದನ್ನು ಹೊಗಳಿದರೆ ಬೈಸಿಕೊಂಡೇನು: ತೋಟಕ್ಕೆ ಅಣಬೆ ರೋಗ ತರುವುದು ಇದರದೇ ಬಳಗ!